ಭಾಗಕ್ಕೊಂದು ಹೊಸ ಲೋಕ ಕಟ್ಟುವ ಫೈನಲ್ ಫ್ಯಾಂಟಸಿಯಲ್ಲಿ ನಮ್ಮ ನಂಟು ಇರುವುದು ಯಾವುದರ ಜೊತೆ?

ಹೇಮಾವತಿ ದಂಡೆ (ಹಾಸನ) ಕೇಳಿದ ಪ್ರಶ್ನೆ:

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕಳೆದ ಭಾನುವಾರ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಇಲ್ಲಿ ಬರೆಯುತ್ತಿದ್ದೇನೆ. ಆಗ ನಾನು ಫೈನಲ್ ಫ್ಯಾಂಟಸಿ ಎಂಬ ವಿಡಿಯೊ ಗೇಮ್ ಸರಣಿಯ ಹದಿನಾರನೆಯ ಭಾಗವನ್ನು ಎರಡನೆಯ ಸಲ ಆಡುತ್ತಿದ್ದೆ. ಮೊದಲ ಸಲ ಆಡಿದಾಗ ಅದರ ಹೋರಾಟದ ಪದ್ಧತಿ ನನಗೆ ಹಿಡಿಸಿರಲಿಲ್ಲ. ಸರದಿಗಾಗಿ ಕಾದು, ಯೋಚಿಸಿ ಹೊಡೆಯುತ್ತಿದ್ದ ಆಟವನ್ನು ಬೆರಳಿನ ಚುರುಕಿನ ಆಟವನ್ನಾಗಿ ಮಾಡಿಬಿಟ್ಟರಲ್ಲ ಎಂದು ಮನೆಯಲ್ಲಿ ಒಂದು ವಾರ ಗೊಣಗಿದ್ದೆ. ಅವಳು ಅದನ್ನು ಮರೆತಿರಲಿಲ್ಲ. "ಅಪ್ಪಾ, ಹದಿನೈದರಲ್ಲಿ ಇರೋರು ಹದಿನಾರರಲ್ಲಿ ಇಲ್ಲ, ಹದಿನಾಲ್ಕರ ಊರು ಹದಿನೈದರಲ್ಲಿ ಇಲ್ಲ, ಈಗ ಆಡೋ ರೀತಿಯೂ ಬೇರೆ. ಹಾಗಾದ್ರೆ ನಿಂಗೆ ಇಷ್ಟ ಆಗಿರೋದು ಏನು, ಡಬ್ಬಿ ಮೇಲಿನ ಹೆಸರಾ?" ಎಂದಳು.

ನಾನು ಈ ಸರಣಿಯನ್ನು ಮೊದಲು ಕಂಡದ್ದು ಪಿಯುಸಿ ಓದುತ್ತಿದ್ದಾಗ, ಹಾಸನದ ಹಳೆಯ ಬಸ್ ನಿಲ್ದಾಣದ ಹತ್ತಿರದ ಒಂದು ಬ್ರೌಸಿಂಗ್ ಸೆಂಟರಿನಲ್ಲಿ. ಯಾರೋ ಹಾಕಿ ಬಿಟ್ಟಿದ್ದ ಏಳನೆಯ ಭಾಗ ಅಲ್ಲಿನ ಒಂದೇ ಒಂದು ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು, ಆ ಮೂಲೆಯ ಕುರ್ಚಿ ಖಾಲಿಯಾಗುವ ತನಕ ನಿಂತು ಕಾಯುತ್ತಿದ್ದೆ. 1987ರ ಡಿಸೆಂಬರ್ 18ರಂದು ಜಪಾನಿನ ಸ್ಕ್ವೇರ್ ಸಂಸ್ಥೆ ಫ್ಯಾಮಿಕಾಮ್ ಯಂತ್ರಕ್ಕಾಗಿ ಹೊರತಂದ ಮೊದಲ ಆಟದಿಂದ ಹಿಡಿದು 2023ರ ಜೂನ್‌ನಲ್ಲಿ ಬಂದ ಹದಿನಾರನೆಯದರವರೆಗೆ, ಆನ್‌ಲೈನಿನ ಎರಡನ್ನು ಬಿಟ್ಟು ಉಳಿದೆಲ್ಲ ಮುಖ್ಯ ಭಾಗಗಳನ್ನೂ ಆಮೇಲೆ ಒಂದೊಂದಾಗಿ ಹುಡುಕಿ ಆಡಿದ್ದೇನೆ. ಹತ್ತಕ್ಕೆ ಮತ್ತು ಹದಿಮೂರಕ್ಕೆ ಬಂದ ಮುಂದುವರಿಕೆಗಳಂಥವನ್ನು ಬದಿಗಿಟ್ಟರೆ, ಮಗಳು ಹೇಳಿದ್ದು ನಿಜ: ಕಥೆ, ಜನ, ಭೂಪಟ, ನಿಯಮ, ಯಾವುದೂ ಮುಂದಿನ ಭಾಗಕ್ಕೆ ದಾಟುವುದಿಲ್ಲ. ಬೇರೆ ಸರಣಿಗಳ ಅಭಿಮಾನಿಗಳಿಗೆ ಹಿಡಿದುಕೊಳ್ಳಲು ಒಬ್ಬ ನಾಯಕನಾದರೂ ಇರುತ್ತಾನೆ. ನಮಗೆ ಏನಿದೆ? ಅರ್ಧ ಮಾತ್ರ ಹಿಡಿಸಿದ ಭಾಗವನ್ನು ನಾನು ಎರಡನೆಯ ಸಲ ಆಡುತ್ತಿರುವುದಾದರೂ ಏಕೆ? ಬಾಲ್ಯದ ನೆನಪು ಎಂಬ ಉತ್ತರವನ್ನು ನಾನೇ ಕೊಟ್ಟುಕೊಂಡು ನೋಡಿದ್ದೇನೆ, ಅದಷ್ಟೇ ಸಾಲುತ್ತಿಲ್ಲ.

ಬೇಲೂರು ರಸ್ತೆ (ಚಿಕ್ಕಮಗಳೂರು):

ನನ್ನನ್ನು ಕೇಳಿದರೆ ಸಂಗೀತ ಎನ್ನುತ್ತೇನೆ. ಮೊದಲ ಒಂಬತ್ತು ಭಾಗಗಳಿಗೂ ನೊಬುವೊ ಉಎಮಾತ್ಸು ಒಬ್ಬರೇ ಸಂಗೀತ ಕೊಟ್ಟರು. ಲೋಕ ಬದಲಾದರೂ ಕೈ ಬದಲಾಗಲಿಲ್ಲ. ಹನಿ ಹನಿಯಾಗಿ ಏರಿ ಇಳಿಯುವ ಆ ಆರಂಭದ ಸ್ವರಮಾಲೆ ಮತ್ತು ಹೋರಾಟ ಗೆದ್ದಾಗ ಮೊಳಗುವ ಪುಟ್ಟ ಜಯಘೋಷ, ಇವೆರಡು ಕಿವಿಗೆ ಬಿದ್ದರೆ ಯಾವ ಭಾಗವಾದರೂ ಮನೆಗೆ ಬಂದಂತಾಗುತ್ತದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶಗಳ ತಂಡಗಳು ಮೈದಾನಕ್ಕೆ ಬರುವಾಗ ಅದೇ ಜಯಘೋಷ ಟೀವಿಯಲ್ಲಿ ಕೇಳಿಸಿತು. ನಾನು ಎದ್ದು ನಿಂತದ್ದನ್ನು ಕಂಡು ನಮ್ಮ ತಾಯಿಯವರು ರಾಷ್ಟ್ರಗೀತೆ ಬಂತೇ ಎಂದು ಕೇಳಿದರು.

ಆದರೆ ಸಂಗೀತವಷ್ಟೇ ಆಗಿದ್ದರೆ ಹಾಡು ಕೇಳಿ ಸುಮ್ಮನಾಗಬಹುದಿತ್ತು. ಇದರಲ್ಲಿ ನಮ್ಮ ದುಡಿಮೆಯೂ ಸೇರಿದೆ. ಗಲ್ಫ್‌ನಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟ ಪ್ಲೇಸ್ಟೇಷನ್ನಿನಲ್ಲಿ ನಾನು ಏಳನೆಯ ಭಾಗವನ್ನು ಆಡಿದ ವರ್ಷ ಜೂನ್ ತಿಂಗಳ ಮಳೆ ಹಿಡಿದುಕೊಂಡಿತ್ತು. ಗುಹೆ, ಕೋಟೆಗಳ ಒಳಗೆ ಹೊಕ್ಕರೆ ಸೇವ್ ಮಾಡುವ ಜಾಗ ಸಿಗುವ ತನಕ ಆಟವನ್ನು ಉಳಿಸುವಂತಿರಲಿಲ್ಲ. ಆ ಜಾಗ ಸಿಗುವ ಮೊದಲೇ ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತಿತ್ತು. ಒಂದೂವರೆ ಗಂಟೆಯ ಕೆಲಸ ನೀರಿನಲ್ಲಿ ಮಾಡಿದ ಹೋಮವಾದ ಮೇಲೆ, ಮರುದಿನ ಅದೇ ಗುಹೆಯನ್ನು ಮೊದಲಿನಿಂದ ಹೊಕ್ಕವನಿಗೆ ಆ ಗುಹೆ ಮರೆಯುವುದಾದರೂ ಹೇಗೆ? ಆ ಭಾಗದಲ್ಲಿ ನಮ್ಮ ತಂಡದ ಏರಿತ್ ಎಂಬ ಹುಡುಗಿ ಸಾಯುವ ಪ್ರಸಂಗ ಅಷ್ಟು ನಾಟಿದ್ದಕ್ಕೂ ಇದೇ ಕಾರಣವಿದೆ ಎಂಬುದು ನನ್ನ ಎಣಿಕೆ. ಪುಸ್ತಕದಲ್ಲಿ ಸಾಯುವವರನ್ನು ನಾವು ಸಾಕಿರುವುದಿಲ್ಲ. ಇಲ್ಲಿ ಅವಳನ್ನು ಒಂದೊಂದೇ ಲೆವೆಲ್ ಏರಿಸಿ, ಅವಳ ಲಿಮಿಟ್ ವಿದ್ಯೆಗಳನ್ನು ಕಲಿಸಿ, ತಂಡದಲ್ಲಿ ಗಾಯ ಮಾಯಿಸುವವಳು ಇವಳೇ ಎಂದು ನೆಚ್ಚಿಕೊಂಡಿರುವಾಗ ಮೊದಲನೆಯ ಸೀಡಿಯ ಕೊನೆಯಲ್ಲಿ ಕಥೆ ಅವಳನ್ನು ಕಿತ್ತುಕೊಳ್ಳುತ್ತದೆ. ಆ ಬೆನ್ನಿಗೇ ಬರುವ ಬಾಸ್ (ದೊಡ್ಡ ಎದುರಾಳಿಯ) ಹೋರಾಟದಲ್ಲಿ ಎಂದಿನ ಯುದ್ಧದ ಸಂಗೀತ ಬಾರದೆ ಅವಳ ರಾಗವೇ ಮುಂದುವರಿಯುತ್ತದೆ. ನಾನು ಅಳುತ್ತ ಆಜ್ಞೆಗಳನ್ನು ಆರಿಸಬೇಕಾಯಿತು.

ನನ್ನ ಮೂರನೆಯ ಸೀಡಿ, ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಯಿಂದ ತಂದದ್ದು, ಓದಲೇ ಇಲ್ಲ. ಆರು ವರ್ಷ ಆ ಕಥೆಯ ಅಂತ್ಯ ನನಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲೇ ನಾಲ್ಕು ಅಂತ್ಯ ಕಟ್ಟಿಕೊಂಡಿದ್ದೆ. ನಿಜವಾದ ಅಂತ್ಯಕ್ಕಿಂತ ಅವುಗಳಲ್ಲೊಂದು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮಂಜರಾಬಾದ್ (ಸಕಲೇಶಪುರ):

ಇಬ್ಬರೂ ಬಹಳ ಚೆನ್ನಾಗಿ ಬರೆದಿದ್ದೀರಿ, ಆದರೆ ಇಬ್ಬರೂ ಬರೆದದ್ದು ನಿಮ್ಮ ಹದಿನಾರು ಹದಿನೇಳನೆಯ ವಯಸ್ಸಿನ ಬಗ್ಗೆ. ಆ ವಯಸ್ಸಿನಲ್ಲಿ ಬ್ರೌಸಿಂಗ್ ಸೆಂಟರಿನಲ್ಲಿ ಬೇರೊಂದು ಆಟ ನಡೆಯುತ್ತಿದ್ದರೆ ಇವತ್ತು ಅದರ ಬಗ್ಗೆ ಇದೇ ಮಾತು ಬರೆಯುತ್ತಿದ್ದಿರಿ. ಮಾರುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. 1997ರ ಏಳನೆಯ ಭಾಗದಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ದಾಟಿಹೋಗುತ್ತಿದ್ದ ಮಿಡ್‌ಗಾರ್ ನಗರವೊಂದನ್ನೇ ಹಿಗ್ಗಿಸಿ 2020ರ ಏಪ್ರಿಲ್‌ನಲ್ಲಿ ಪೂರ್ಣ ಬೆಲೆಯ ಒಂದು ಆಟ ಮಾಡಿದರು. 2024ರ ಫೆಬ್ರವರಿಯಲ್ಲಿ ಎರಡನೆಯ ಕಂತು ಬಂತು. ಮೂರರಲ್ಲಿ ಮುಗಿಸುವುದಾಗಿ ಹೇಳಿದ್ದಾರೆ. ಆಗ ಜೇಬಿನಲ್ಲಿ ಐದು ರೂಪಾಯಿ ಇಟ್ಟುಕೊಂಡು ಕುರ್ಚಿಗೆ ಕಾಯುತ್ತಿದ್ದ ಹುಡುಗನ ಕೈಯಲ್ಲಿ ಈಗ ಸಂಬಳವಿದೆ, ಆ ಲೆಕ್ಕವನ್ನು ಅವರು ಹಾಕಿದ್ದಾರೆ.

ಇದನ್ನು ತಪ್ಪು ಎನ್ನುತ್ತಿಲ್ಲ. ನಾನೂ ಎರಡು ಕಂತುಗಳನ್ನೂ ಕೊಂಡಿದ್ದೇನೆ. ಆದರೆ ನಿಮ್ಮ ಮಗಳು ಕೇಳಿದ "ಡಬ್ಬಿ ಮೇಲಿನ ಹೆಸರಾ" ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ "ಹೌದಮ್ಮ" ಎಂದೇ ಇರಬಹುದು. ಆ ಹೆಸರಿಗೂ ದೊಡ್ಡ ಅರ್ಥವೇನಿಲ್ಲ. ತನ್ನ ಕೊನೆಯ ಪ್ರಯತ್ನವೆಂದು ಸರಣಿಯನ್ನು ಹುಟ್ಟುಹಾಕಿದ ಹಿರೊನೊಬು ಸಕಾಗುಚಿ "ಫೈನಲ್" ಎಂದು ಹೆಸರಿಟ್ಟರು ಎಂಬ ಕಥೆಯನ್ನು ಎಲ್ಲರೂ ಭಾವುಕರಾಗಿ ಹೇಳುತ್ತಾರೆ. ಎಫ್ ಅಕ್ಷರ ಎರಡು ಸಲ ಬರುವಂಥ ಹೆಸರು ಬೇಕಿತ್ತು, ಎಫ್‌ನಿಂದ ಶುರುವಾಗುವ ಯಾವ ಪದವಾದರೂ ನಡೆಯುತ್ತಿತ್ತು ಎಂದು ಮುಂದೆ ಅವರೇ ಹೇಳಿದ್ದಾರೆ.

ತಾಳಮದ್ದಳೆ ಕೇಳುಗ (ಕೊಪ್ಪ):

ಮಂಜರಾಬಾದ್ ಅವರ ಮಾತಿನಲ್ಲಿ ಹುರುಳಿದೆ, ಆದರೆ ಅದು ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರವಾಗುತ್ತದೆ. ಹಳೆಯ ನೆನಪನ್ನು ಮಾರುವುದೇ ಗುಟ್ಟಾಗಿದ್ದರೆ ಏಳನೆಯ ಭಾಗದ ಲೋಕದಲ್ಲೇ ಎಂಟು, ಒಂಬತ್ತು, ಹತ್ತನ್ನೂ ಮಾಡಬಹುದಿತ್ತು. 1999ರಲ್ಲಿ ಎಂಟನೆಯದನ್ನು ತರುವಾಗ ಅವರು ಅಷ್ಟು ಗೆದ್ದ ಲೋಕವನ್ನು ಪೂರ್ತಿ ಕೈಬಿಟ್ಟು ಹೊಸದಾಗಿ ಶುರುಮಾಡಿದರು, ಆದರೂ ಜನ ಹಿಂದೆ ಬಂದರು. ಏಕೆ ಬಂದರು ಎಂಬುದೇ ಇಲ್ಲಿನ ಪ್ರಶ್ನೆ.

ನಮ್ಮ ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದೆ. ವಾಲಿಯ ವಧೆಯ ಪ್ರಸಂಗವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಭಾಗವತರು ಹಾಡುವ ಪದ್ಯ ಹಿಂದಿನ ವರ್ಷದ್ದೇ, ವಾಲಿ ಸಾಯುವುದೂ ಖಚಿತ. ಆದರೂ ರಾತ್ರಿ ನಿದ್ದೆಗೆಟ್ಟು ಕೂರುವುದು ಏಕೆಂದರೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ನ್ಯಾಯ ಎಂದು ವಾಲಿ ಕೇಳಿದಾಗ ಇವತ್ತಿನ ರಾಮ ಏನು ಹೇಳುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ; ಆ ಅರ್ಥ ಅಲ್ಲೇ, ಆಗಲೇ ಹುಟ್ಟಬೇಕು. ಕಳೆದ ವರ್ಷ ಇದೇ ಪ್ರಶ್ನೆಗೆ ಇನ್ನೊಬ್ಬ ಅರ್ಥಧಾರಿ ಏನು ಹೇಳಿದ್ದ ಎಂಬುದು ಪಕ್ಕಾ ನೆನಪಿರುವವನಿಗೇ ಇವತ್ತಿನ ಮಾತಿನ ರುಚಿ ಹೆಚ್ಚು. ಮೊದಲ ಸಲ ಬಂದವನಿಗೂ ಚೆನ್ನಾಗಿಯೇ ಕಾಣಬಹುದು, ಆದರೆ ಅವನು ಕೇಳುವುದು ಒಂದನ್ನು, ಹಳಬ ಕೇಳುವುದು ಎರಡನ್ನು.

ಈ ಸರಣಿಯಲ್ಲಿ ಪದ್ಯದ ಜಾಗದಲ್ಲಿರುವುದು ಕೆಲವು ಹೆಸರುಗಳು ಮತ್ತು ವಸ್ತುಗಳು. ಸಿಡ್ ಎಂಬ ಹೆಸರನ್ನೇ ನೋಡಿ. 1988ರ ಎರಡನೆಯ ಭಾಗದಲ್ಲಿ ಅವನು ಹಾರುಹಡಗಿನ ಒಡೆಯ. ಅಲ್ಲಿಂದ ಮುಂದೆ ಪ್ರತಿ ಭಾಗದಲ್ಲೂ ಸಿಡ್ ಎಂಬ ಒಬ್ಬ ಇರಲೇಬೇಕು, ಬಹುಪಾಲು ಯಂತ್ರ ಬಲ್ಲವನಾಗಿ, ಬಹುಪಾಲು ನಮ್ಮ ಪಕ್ಷದವನಾಗಿ. ಏಳರಲ್ಲಿ ಅವನು ಬಾಹ್ಯಾಕಾಶಕ್ಕೆ ಹೋಗಲಾಗದೆ ಉಳಿದ, ಬಾಯಿ ತೆರೆದರೆ ಬೈಗುಳ ಉದುರಿಸುವ ಪೈಲಟ್. ಹೀಗೆ ನಂಬಿಸಿಕೊಂಡು ಬಂದು 2006ರ ಹನ್ನೆರಡರಲ್ಲಿ ಡಾಕ್ಟರ್ ಸಿಡ್‌ನನ್ನು ಎದುರಾಳಿಯ ಕಡೆ ನಿಲ್ಲಿಸಿದರು. ಹೊಸಬನಿಗೆ ಅವನೊಬ್ಬ ಖಳನಾದ ವಿಜ್ಞಾನಿ, ಅಷ್ಟೆ. ನನಗೆ ಮಾತ್ರ ಮನೆಗೆ ಬಂದುಹೋಗುತ್ತಿದ್ದ ಹಿರಿಯರೊಬ್ಬರು ಕೋರ್ಟಿನಲ್ಲಿ ನಮ್ಮ ವಿರುದ್ಧ ಸಾಕ್ಷಿ ಹೇಳಲು ನಿಂತಂತಾಯಿತು. ಬಹಮುತ್ ಎಂಬ ಡ್ರ್ಯಾಗನ್ ಮೊದಲನೆಯ ಭಾಗದಲ್ಲಿ ಒಂದು ಇಲಿಯ ಬಾಲ ತಂದುಕೊಟ್ಟರೆ ಒಲಿದು, ನಮ್ಮ ನಾಲ್ವರನ್ನು ಮೇಲಿನ ಪದವಿಗೆ ಏರಿಸುವ ರಾಜ. ಹದಿನಾಲ್ಕರಲ್ಲಿ ಅದೇ ಬಹಮುತ್ ಲೋಕವನ್ನು ಸುಟ್ಟುಹಾಕುತ್ತದೆ.

ಎಲ್ಲಕ್ಕಿಂತ ದೊಡ್ಡದು ಸ್ಫಟಿಕಗಳ ವಿಷಯ. ಮೊದಲನೆಯ, ಮೂರನೆಯ, ಐದನೆಯ ಭಾಗಗಳಲ್ಲಿ ಲೋಕದ ನೆಲ, ನೀರು, ಗಾಳಿ, ಬೆಂಕಿಗಳನ್ನು ಹಿಡಿದಿಟ್ಟಿರುವುದು ಅವೇ; ಅವುಗಳ ಬೆಳಕನ್ನು ಮರಳಿ ತರುವುದು, ಒಡೆಯದಂತೆ ಕಾಯುವುದು ನಾಯಕರ ಧರ್ಮ. 2023ರ ಹದಿನಾರರಲ್ಲಿ ನಾಯಕ ಹೊರಡುವುದೇ ಆ ತಾಯಿ ಸ್ಫಟಿಕಗಳನ್ನು ಒಂದೊಂದಾಗಿ ಒಡೆದು ಹಾಕುವುದಕ್ಕೆ, ಏಕೆಂದರೆ ಅಲ್ಲಿ ಅವು ನೆಲದ ಸತ್ವವನ್ನು ಹೀರುತ್ತಿವೆ. ಮೂವತ್ತಾರು ವರ್ಷ ಕಾಯ್ದದ್ದನ್ನು ಒಡೆಯಲು ಹೇಳುವ ಈ ಅರ್ಥ ಎಷ್ಟು ಧೈರ್ಯದ್ದು ಎಂಬುದು ಹಳೆಯದನ್ನು ಆಡಿದವನಿಗೆ ತಾನೇ ತಿಳಿಯುವುದು? ಹೇಮಾವತಿ ದಂಡೆಯವರೇ, ಹೋರಾಟದ ಪದ್ಧತಿ ಹಿಡಿಸದಿದ್ದರೂ ನೀವು ಅದನ್ನು ಎರಡನೆಯ ಸಲ ಆಡುತ್ತಿರುವುದು ಈ ಕಾರಣಕ್ಕೆ ಎಂದು ನನ್ನ ಊಹೆ. ಅರ್ಥಧಾರಿಯ ವಾದ ಒಪ್ಪದಿದ್ದರೂ ಅವನು ಏನು ಹೇಳಿದ ಎಂಬುದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹಾಕಿ ನೋಡುತ್ತೇವಲ್ಲ, ಹಾಗೆ. ನೀವು ಒಂದು ವಾರ ಗೊಣಗಿದ್ದೂ ಈ ನಂಟಿನ ಒಳಗೇ ಇದೆ. ನಂಟಿಲ್ಲದವನು ಗೊಣಗುವುದಿಲ್ಲ, ಎದ್ದು ಹೋಗುತ್ತಾನೆ.

ಬೇಲೂರು, ಹಳೇಬೀಡುಗಳ ಹೋಲಿಕೆಯನ್ನು ಯಾರಾದರೂ ತರುತ್ತಾರೆಂದು ಕಾಯುತ್ತಿದ್ದೆ. ಹೊಯ್ಸಳರ ಹಲವು ಗುಡಿಗಳಲ್ಲಿ ಹುಲಿಯನ್ನು ಇರಿಯುವ ಸಳ ಇರುವಂತೆ ಎರಡನೆಯದರಿಂದ ಮುಂದೆ ಪ್ರತಿ ಭಾಗದಲ್ಲೂ ಚೊಕೊಬೊ ಹಕ್ಕಿ ಇರುತ್ತದೆ ಎನ್ನಬಹುದು. ಆದರೆ ಸಳ ಎಲ್ಲ ಕಡೆ ಒಂದೇ ಅರ್ಥದಲ್ಲಿ ನಿಂತಿದ್ದಾನೆ, ಲಾಂಛನವಾಗಿ. ಆದ್ದರಿಂದ ನನಗೆ ತಾಳಮದ್ದಳೆಯೇ ಹತ್ತಿರವೆನಿಸಿತು.

ಮೂಡಿಗೆರೆ ಮಳೆ:

ನಾನು ಈ ಸರಣಿಗೆ ಬಂದದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ, ಮದುವೆಯಾಗಿ ತೋಟದ ಮನೆಗೆ ಬಂದ ಮೇಲೆ, ಅದೂ ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡುವ ಹದಿನಾಲ್ಕನೆಯ ಭಾಗದ ಮೂಲಕ. ಸಿಡ್ ಯಾರೆಂದೂ ಗೊತ್ತಿರಲಿಲ್ಲ, ಸ್ಫಟಿಕ ಏನೆಂದೂ ಗೊತ್ತಿರಲಿಲ್ಲ. ಆದ್ದರಿಂದ ಮಂಜರಾಬಾದ್ ಅವರು ಹೇಳುವ ಹದಿನಾರನೆಯ ವಯಸ್ಸೂ ನನಗೆ ಅನ್ವಯಿಸುವುದಿಲ್ಲ, ಕೊಪ್ಪದವರು ಹೇಳುವ ಹಳಬರ ಕಿವಿಯೂ ಆಗ ನನಗಿರಲಿಲ್ಲ.

ಆ ಆಟದ ಚರಿತ್ರೆಯೇ ವಿಚಿತ್ರವಾದದ್ದು. 2010ರ ಸೆಪ್ಟೆಂಬರ್‌ನಲ್ಲಿ ಹೊರಬಂದಾಗ ಅದು ಎಷ್ಟು ಕೆಟ್ಟದಾಗಿತ್ತೆಂದರೆ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಆಟದ ಮುಖ್ಯಸ್ಥರನ್ನು ಬದಲಾಯಿಸಿತು. ಹೊಸದಾಗಿ ಬಂದ ನವೊಕಿ ಯೊಷಿದಾ ಹಳೆಯದನ್ನು ರಿಪೇರಿ ಮಾಡಿ ನಡೆಸುತ್ತಲೇ ಪಕ್ಕದಲ್ಲಿ ಹೊಸ ಆಟವನ್ನು ಕಟ್ಟಿಸಿದರು. ಹಳೆಯ ಸರ್ವರ್‌ಗಳನ್ನು 2012ರ ನವೆಂಬರ್ 11ರಂದು ಮುಚ್ಚುವಾಗ ಸುಮ್ಮನೆ ಗುಂಡಿ ಒತ್ತದೆ, ಆಕಾಶದಿಂದ ಒಂದು ಚಂದ್ರ ಬಿದ್ದು, ಅದರೊಳಗಿನಿಂದ ಕೊಪ್ಪದವರು ಹೇಳಿದ ಆ ಬಹಮುತ್ ಹೊರಬಂದು ಲೋಕವನ್ನು ಸುಡುವಂತೆ ಕಥೆಯಲ್ಲೇ ಮುಗಿಸಿದರು. 2013ರ ಆಗಸ್ಟ್‌ನಲ್ಲಿ ಮರಳಿ ತೆರೆದ ಲೋಕದಲ್ಲಿ ಆ ಸುಟ್ಟ ಗಾಯಗಳು ನೆಲದ ಮೇಲೆ ಹಾಗೇ ಇವೆ. ತಮ್ಮ ಸೋಲನ್ನು ಮುಚ್ಚಿಡದೆ ಪುರಾಣ ಮಾಡಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಉಳಿದದ್ದು ಜನರಿಂದಾಗಿ. ಭಾರತದಲ್ಲಿ ಈ ಆಟದ ಸರ್ವರ್ ಇಲ್ಲ, ಹೊರದೇಶದ್ದಕ್ಕೆ ಸೇರಬೇಕು. ಇಲ್ಲಿ ಜೋರು ಮಳೆ ಹೊಡೆದರೆ ನೆಟ್ ಎದ್ದು ಬೀಳುತ್ತದೆ. ಗಾಯ ಮಾಯಿಸುವ ಕೆಲಸ ನನ್ನದು, ಎಂಟು ಜನರ ತಂಡದಲ್ಲಿ ನಡುಯುದ್ಧದಲ್ಲಿ ನಾನು ಮಾಯವಾದರೆ ಎಲ್ಲರೂ ಸಾಯುತ್ತಾರೆ. ಮೊದಲ ಮಳೆಗಾಲದಲ್ಲಿ ಹಾಗೆ ಮೂರು ಸಲ ಆಯಿತು. ಬೈಯುತ್ತಾರೆಂದುಕೊಂಡು ಮರಳಿ ಬಂದರೆ, ಏಳು ಜನವೂ ಹೊರಗೆ ಹೋಗದೆ, ನೆಲದ ಮೇಲೆ ಕೂತುಕೊಂಡು ಕಾಯುತ್ತಿದ್ದರು. ಅವರಲ್ಲಿ ಒಬ್ಬರು ಯಾವ ದೇಶದವರೆಂದು ಈಗಲೂ ನನಗೆ ಗೊತ್ತಿಲ್ಲ, ಆದರೆ ನಮ್ಮಲ್ಲಿ ಹೂಮಳೆ ಆಯಿತೇ ಎಂದು ಪ್ರತಿ ವರ್ಷ ಮಾರ್ಚ್‌ನಲ್ಲಿ ಕೇಳುತ್ತಾರೆ. ಕಾಫಿಗೆ ಹೂಮಳೆ ಎಂದರೆ ಏನೆಂದು ಒಮ್ಮೆ ವಿವರಿಸಿದ್ದೆ, ಅಷ್ಟೆ. 2021ರಲ್ಲಿ ಜಪಾನಿನ ಕಾಮಿಕ್ಸ್ ಕಲಾವಿದ ಕೆಂಟಾರೊ ಮಿಯುರಾ ತೀರಿಕೊಂಡಾಗ, ಅವರ ಕಥಾನಾಯಕನಂತೆಯೇ ದೊಡ್ಡ ಕತ್ತಿ ಹಿಡಿಯುವ ಡಾರ್ಕ್ ನೈಟ್ ವೇಷದ ಆಟಗಾರರು ಯಾರೂ ಕರೆಯದೆಯೇ ನಗರದ ಬೀದಿಯ ಎರಡೂ ಬದಿಗೆ ಸಾಲಾಗಿ ಬಂದು ಮೌನವಾಗಿ ನಿಂತರು. ನಾನು ಅವರ ಕೃತಿಯನ್ನು ಓದಿರಲಿಲ್ಲ. ಆದರೂ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

ಇದೆಲ್ಲ ಆದ ಮೇಲೆ ಹಿಂದಕ್ಕೆ ಹೋಗಿ ಹಳೆಯ ಭಾಗಗಳನ್ನು ಆಡಿದೆ. ಆಗ ಕೊಪ್ಪದವರು ಹೇಳಿದ ಎರಡನೆಯ ಕಿವಿ ನನಗೂ ಬಂತು, ತಿರುಗುಮುರುಗಾಗಿ: ಸುಡುವ ಬಹಮುತ್‌ನನ್ನು ಮೊದಲು ಕಂಡವಳಿಗೆ ಇಲಿಯ ಬಾಲಕ್ಕೆ ಒಲಿಯುವ ಬಹಮುತ್ ಸಿಕ್ಕಾಗ ನಗು ತಡೆಯಲಾಗಲಿಲ್ಲ.

ಮಂಜರಾಬಾದ್ (ಸಕಲೇಶಪುರ):

ಮೇಡಂ ಹೇಳಿದ್ದು ನನ್ನ ವಾದಕ್ಕೆ ನೇರವಾದ ಪೆಟ್ಟು. ಮೂವತ್ತೊಂದಕ್ಕೆ ಬಂದವರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗೆಂದು ಪೂರ್ತಿ ಬಿಟ್ಟುಕೊಡುವುದಿಲ್ಲ. ತಾಳಮದ್ದಳೆಯ ಪದ್ಯಕ್ಕೆ ಯಾರೂ ಒಡೆಯರಿಲ್ಲ, ಯಾವ ಊರಿನವರಾದರೂ ನಾಳೆ ಸಂಜೆ ಕೂತು ಅರ್ಥ ಹೇಳಬಹುದು. ಸಿಡ್‌ಗೂ ಬಹಮುತ್‌ಗೂ ಅರ್ಥ ಹೇಳುವ ಹಕ್ಕು ಒಂದು ಕಂಪನಿಯದು ಮಾತ್ರ. ಈ ವ್ಯತ್ಯಾಸವನ್ನು ಕೊಪ್ಪದವರು ಯಾವಾಗಲಾದರೂ ಬಿಡುವಾಗಿ ಬಗೆಹರಿಸಬೇಕು.

ಹೇಮಾವತಿ ದಂಡೆ (ಹಾಸನ):

ಎಲ್ಲರಿಗೂ ಧನ್ಯವಾದಗಳು. ಸ್ಫಟಿಕದ ಮಾತನ್ನು ಓದಿದ ಮೇಲೆ ನನಗೆ ಒಂದು ಸಂಗತಿ ಹೊಳೆಯಿತು: ಮೊದಲ ತಾಯಿ ಸ್ಫಟಿಕವನ್ನು ಒಡೆಯುವ ಘಟ್ಟದಲ್ಲಿ, ಎರಡೂ ಸಲ, ನಾನು ಸ್ವಲ್ಪ ಹೊತ್ತು ಆಟ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದಿದ್ದೆ. ಏಕೆಂದು ಆಗ ಗೊತ್ತಾಗಿರಲಿಲ್ಲ.

ಮಗಳಿಗೆ ತಾಳಮದ್ದಳೆಯ ಉತ್ತರವನ್ನು ಓದಿ ಹೇಳಿದೆ. "ಹಾಗಾದ್ರೆ ಹಳೇದು ಗೊತ್ತಿಲ್ದೋರಿಗೆ ಇದು ಅರ್ಧ ಮಾತ್ರಾನಾ?" ಎಂದು ಮುಖ ಸಣ್ಣ ಮಾಡಿಕೊಂಡಳು. ಆಗ ಮೂಡಿಗೆರೆಯ ಮೇಡಂ ಬರೆದದ್ದನ್ನು ಓದಿಸಿದೆ. ಯಾವ ಕಡೆಯಿಂದ ಹೊಕ್ಕರೂ ನಡೆಯುತ್ತದೆ ಎಂದಾದರೆ ತಾನೂ ಒಂದನ್ನು ಆಡಿ ನೋಡುತ್ತೇನೆ ಎಂದಳು.

ಮೊದಲ ಆರು ಭಾಗಗಳನ್ನು ಹಳೆಯ ಚುಕ್ಕಿ ಚಿತ್ರಗಳ ರೂಪದಲ್ಲೇ ತಿದ್ದಿ 2021, 2022ರಲ್ಲಿ ಮತ್ತೆ ತಂದಿದ್ದಾರಲ್ಲ, ಅದರಲ್ಲಿ ಆರನೆಯದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟೆ. 1994ರ ಆಟ, ಹದಿನಾಲ್ಕು ಜನರ ತಂಡ, ಆದರೂ ನನ್ನ ಮಟ್ಟಿಗೆ ಒಬ್ಬರೂ ಹೆಚ್ಚೆನಿಸುವುದಿಲ್ಲ. ತಾನು ಯಾರೆಂಬುದೇ ನೆನಪಿಲ್ಲದ ಹುಡುಗಿಗೆ ಹೆಸರಿಡುವ ಪರದೆ ಬಂದಾಗ ಮಗಳು ಬಹಳ ಹೊತ್ತು ಯೋಚಿಸಿದಳು. ಹತ್ತನೆಯ ಭಾಗದಿಂದ ಪಾತ್ರಗಳು ಬಾಯಿ ಬಿಟ್ಟು ಮಾತಾಡತೊಡಗಿದವು, ಹೆಸರಿಡುವ ಈ ಸುಖ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು ಎಂದು ನಾನು ಹೇಳತೊಡಗಿದೆ. ಹತ್ತರಲ್ಲೂ ನಾಯಕ ಟೀಡಸ್‌ನ ಹೆಸರನ್ನು ನಾವು ಬದಲಾಯಿಸಬಹುದಾದ್ದರಿಂದ, ಅಷ್ಟುದ್ದದ ಪ್ರೇಮಕಥೆಯಲ್ಲಿ ಅವನನ್ನು ಒಬ್ಬರೂ ಹೆಸರು ಹಿಡಿದು ಕರೆಯುವುದಿಲ್ಲ ಎಂಬುದನ್ನೂ ವಿವರಿಸುತ್ತಿದ್ದೆ. "ಅಪ್ಪಾ, ಸ್ವಲ್ಪ ಸುಮ್ನಿರು" ಎಂದವಳು, ನಮ್ಮಮ್ಮ ಅವಳನ್ನು ಕರೆಯುವ "ಪುಟ್ಟಿ" ಎಂಬ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು.

ಇದನ್ನು ಬರೆಯುತ್ತಿರುವಾಗ ರಾತ್ರಿ ಒಂಬತ್ತೂವರೆ. ಅಜ್ಜಿ ಎರಡು ಸಲ ಊಟಕ್ಕೆ ಕರೆದಾಯಿತು. ಸೇವ್ ಮಾಡುವ ಜಾಗ ಸಿಗುವ ತನಕ ಏಳುವುದಿಲ್ಲ ಎನ್ನುತ್ತಿದ್ದಾಳೆ ಮಗಳು. ಈ ಹೊಸ ಆವೃತ್ತಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಬಹುದು, ಅದು ತಾನಾಗಿಯೂ ಉಳಿಸಿಕೊಳ್ಳುತ್ತದೆ. ಬೇಲೂರು ರಸ್ತೆಯವರೇ, ನಿಮ್ಮ ಗುಹೆಯ ಕಥೆಯನ್ನು ನೆನೆದು, ಅದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.